ಒಂದೇ ಹೊಂಡ, ರೋಹುಗೆ ಮಾತ್ರ ಹುಣ್ಣು

ಪ್ರಶ್ನೆ: ಚಳಿಗಾಲ ಬಂದ್ರೆ ನಮ್ ಹೊಂಡದ ರೋಹು ಮೀನಿನ ಮೈಮೇಲೆಲ್ಲ ಕೆಂಪು ಹುಣ್ಣು, ಅದೇ ನೀರಲ್ಲಿರೋ ಸಾಮಾನ್ಯ ಗೆಂಡೆಗೆ (ಕಾಮನ್ ಕಾರ್ಪ್) ಏನೂ ಆಗಲ್ಲ. ಜೀನ್ ವಿಷ್ಯ ಅಂತಾರೆ, ಹೌದಾ ಸಾರ್?
– ಓದುಗರು, ಮಂಡ್ಯ

ಉತ್ತರ: ಬಹುಮಟ್ಟಿಗೆ ಹೌದು. ನೀವ್ ಹೇಳ್ತಿರೋದು ಇಯುಎಸ್, ಅಂದ್ರೆ ಮೀನಿನ ಸಾಂಕ್ರಾಮಿಕ ಹುಣ್ಣುರೋಗದ ಥರ ಕಾಣ್ಸುತ್ತೆ, ಅಫನೋಮೈಸಿಸ್ ಅನ್ನೋ ಬೂಷ್ಟಿನಂಥ ಜೀವಿ ಚರ್ಮ ಕೊರ್ಕೊಂಡು ಮಾಂಸದ ತನಕ ಇಳಿಯುತ್ತೆ, ಭಾರತದಲ್ಲಿ ಕಾಣಿಸ್ಕೊಂಡಿದ್ದು 1988ರಲ್ಲಿ. ರೋಗನಿರೋಧಕ ಜೀನ್‌ಗಳು ಎರಡೂ ಮೀನಲ್ಲಿವೆ, ಆದ್ರೆ ಇರೋದು ಬೇರೆ, ಹೊತ್ತಿಗೆ ಸರಿಯಾಗಿ ಆನ್ ಆಗೋದು ಬೇರೆ. ಗೆಂಡೇಲಿ ರಕ್ಷಣಾ ಕಣಗಳು ಬೂಷ್ಟಿನ ಎಳೆ ಸುತ್ತ ಗಟ್ಟಿ ಗಂಟು ಕಟ್ಟಿ ಅಲ್ಲೇ ತಡೀತವೆ, ರೋಹೂಲಿ ಅಷ್ಟೊತ್ತಿಗೆ ಎಳೆ ಒಳಗೋಗಿರುತ್ತೆ. ಮೇಲಾಗಿ ಮೀನು ಶೀತರಕ್ತದ್ದು, ನೀರು ತಣ್ಣಗಾದ್ರೆ ಇಡೀ ರಕ್ಷಣೇನೇ ನಿಧಾನ. ಚಳಿಗೆ ಮುಂಚೆ ಸುಣ್ಣ ಹಾಕ್ಸಿ, ಮರಿ ಒತ್ತೊತ್ತಾಗಿ ಬಿಡ್ಬೇಡಿ. ಇಮ್ಯುನಿಟಿ ಪೌಡರ್ ಮಾರೋರ ಮಾತಿಗೆ ಮರುಳಾಗಿ ದುಡ್ಡು ಸುರಿಯೋಕ್ ಹೋಗ್ಬೇಡಿ.