.223 ಮತ್ತು .308 ಎರಡಕ್ಕೂ ಒಂದೇ ಪೌಡರ್ ಸಾಕಾಗುತ್ತದೆಯೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ನಿಮ್ಮ ಬಳಿ ಎರಡು ಬೋಲ್ಟ್ ರೈಫಲ್ ಇವೆ, ಒಂದು .223 ರೆಮಿಂಗ್ಟನ್, ಇನ್ನೊಂದು .308 ವಿಂಚೆಸ್ಟರ್. ಹ್ಯಾಂಡ್‌ಲೋಡಿಂಗ್, ಅಂದರೆ ತೋಟಾಗಳನ್ನು ನೀವೇ ತುಂಬಿಕೊಳ್ಳುವ ಕೆಲಸ, ಈಗಷ್ಟೇ ಶುರು ಮಾಡುತ್ತಿದ್ದೀರಿ. ಎರಡು ಮೂರು ಡಬ್ಬಿ ಪೌಡರ್ ಇಟ್ಟುಕೊಳ್ಳುವ ಬದಲು ಒಂದರಲ್ಲೇ ಕೆಲಸ ಮುಗಿಯುತ್ತದೆಯೇ, ಮುಗಿಯುವುದಾದರೆ ಯಾವುದು?

ಮುಗಿಯುತ್ತದೆ. ನೀವು ಹೇಳಿದ ಜೋಡಿಗೆ ಇದು ತುಂಬಾ ಸುಲಭ. .223ರಲ್ಲಿ 69ರಿಂದ 77 ಗ್ರೇನ್‌ನ (ಗ್ರೇನ್ ಅಂದರೆ ತೂಕದ ಒಂದು ಸಣ್ಣ ಅಳತೆ) ಬುಲೆಟ್ ಹಾರಿಸುವುದಾದರೆ ಹಾಜ್‌ಡನ್ ಕಂಪನಿಯ ವಾರ್ಗೆಟ್ ತೆಗೆದುಕೊಳ್ಳಿ. 50, 55 ಗ್ರೇನ್‌ನ ಹಗುರ ಬುಲೆಟ್ ಮಾತ್ರ ಹಾರಿಸುವುದಾದರೆ ಅದೇ ಕಂಪನಿಯ ಎಚ್ 4895. ನಾನು ಎರಡನ್ನೂ ಈ ಎರಡು ಕ್ಯಾಲಿಬರ್‌ಗಳಲ್ಲಿ ಬಳಸುತ್ತೇನೆ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ. ಆದರೆ ಕಾರಣ ತಿಳಿದುಕೊಳ್ಳಿ. ನಾಳೆ ಮೂರನೇ ರೈಫಲ್ ಬಂದಾಗ ಇನ್ನೊಬ್ಬರನ್ನು ಕೇಳಬೇಕಾಗುವುದಿಲ್ಲ.

ಪೌಡರ್‌ನಲ್ಲಿ ಮುಖ್ಯವಾಗಿದ್ದು ಉರಿಯುವ ವೇಗ. ಕಡ್ಡಿಪುಳ್ಳೆ ಭಗ್ಗನೆ ಉರಿದು ಮುಗಿಯುತ್ತದೆ, ದಪ್ಪ ಕೊರಡು ನಿಧಾನವಾಗಿ ಉರಿಯುತ್ತದೆ, ಅಲ್ವಾ? ಪೌಡರ್‌ನಲ್ಲೂ ಹಾಗೇ, ಕಾಳಿನ ಗಾತ್ರ, ಆಕಾರ, ಅದರ ಮೇಲಿನ ಲೇಪ ಇವೆಲ್ಲ ಸೇರಿ ವೇಗ ನಿರ್ಧಾರವಾಗುತ್ತದೆ. ಯಾವ ರೈಫಲ್‌ಗೆ ಎಷ್ಟು ವೇಗ ಬೇಕು ಎನ್ನುವುದನ್ನು ಬಹಳ ಜನ ಬುಲೆಟ್‌ನ ದಪ್ಪ ನೋಡಿ ಊಹಿಸುತ್ತಾರೆ. ಇಲ್ಲವೇ ಕೇಸ್‌ನ, ಅಂದರೆ ಪೌಡರ್ ತುಂಬುವ ಲೋಹದ ಕೋಶದ, ಗಾತ್ರ ನೋಡುತ್ತಾರೆ. ಎರಡೂ ಅರ್ಧ ಸತ್ಯ. ನೋಡಬೇಕಾದ್ದು ಕೇಸ್ ಒಳಗಿನ ಜಾಗಕ್ಕೂ ಬ್ಯಾರೆಲ್‌ನ ತೂತಿನ ವಿಸ್ತೀರ್ಣಕ್ಕೂ ಇರುವ ಅನುಪಾತ.

ಲೆಕ್ಕ ಹಾಕಿ ನೋಡೋಣ. .223 ಕೇಸ್‌ಗೆ ಸುಮಾರು 28ರಿಂದ 29 ಗ್ರೇನ್ ನೀರು ಹಿಡಿಯುತ್ತದೆ. .308 ಕೇಸ್‌ಗೆ ಸುಮಾರು 56. ಅಂದರೆ ಹೆಚ್ಚು ಕಡಿಮೆ ಎರಡು ಪಟ್ಟು. ಈಗ ಬುಲೆಟ್‌ನ ಅಡ್ಡಳತೆ: ಒಂದು 0.224 ಇಂಚು, ಇನ್ನೊಂದು 0.308 ಇಂಚು. ವಿಸ್ತೀರ್ಣಕ್ಕೆ ವರ್ಗ ಮಾಡಿದರೆ .308ರ ತೂತು ಸುಮಾರು 1.9 ಪಟ್ಟು ದೊಡ್ಡದು. ಜಾಗವೂ ಎರಡು ಪಟ್ಟಿನ ಹತ್ತಿರ, ತೂತೂ ಎರಡು ಪಟ್ಟಿನ ಹತ್ತಿರ! ಕೈಯಲ್ಲಿ ಹಿಡಿದರೆ ಒಂದು ಪುಟ್ಟದು, ಒಂದು ದೊಡ್ಡದು. ಪೌಡರ್‌ನ ಕಣ್ಣಿಗೆ ಮಾತ್ರ ಎರಡೂ ಒಂದೇ ಜಾತಿ.

ಇದರ ಎದುರಿಗೆ .243 ವಿಂಚೆಸ್ಟರ್ ಇಟ್ಟು ನೋಡಿ. ಅದು .308 ಕೇಸ್‌ನ ಕತ್ತು ಕಿರಿದು ಮಾಡಿ 1955ರಲ್ಲಿ ಬಂದದ್ದು. ಒಳಗಿನ ಜಾಗ ಬಹುತೇಕ ಅಷ್ಟೇ, ಆದರೆ ತೂತು ಮೂರನೇ ಒಂದು ಭಾಗಕ್ಕಿಂತಲೂ ಜಾಸ್ತಿ ಚಿಕ್ಕದಾಗಿದೆ. ಅಷ್ಟೇ ಪೌಡರ್‌ನ ಅನಿಲ ಕಿರಿದಾದ ದಾರಿಯಲ್ಲಿ ಹೋಗಬೇಕು. ಹಾಗಾಗಿ ಅದಕ್ಕೆ ಎಚ್ 4350, ಎಚ್ 4831ರಂಥ ನಿಧಾನದ ಪೌಡರ್ ಹೊಂದುತ್ತದೆ, ಅದರಲ್ಲೂ 95, 100 ಗ್ರೇನ್‌ನ ಬುಲೆಟ್‌ಗೆ. ಒಂದೇ ತಾಯಿಯ ಮಕ್ಕಳಾದ .308 ಮತ್ತು .243ಕ್ಕೆ ಪೌಡರ್ ಹಂಚುವುದು ಕಷ್ಟ, ಸಂಬಂಧವೇ ಇಲ್ಲದ .308 ಮತ್ತು .223ಕ್ಕೆ ಸುಲಭ. ಇದು ನನಗೆ ಈಗಲೂ ಇಷ್ಟವಾಗುವ ಸಂಗತಿ. ಇದೇ ಲೆಕ್ಕದಲ್ಲಿ 6.5 ಕ್ರೀಡ್‌ಮೂರ್ ಮತ್ತು .30-06 ಹತ್ತಿರ ಹತ್ತಿರ ಬರುತ್ತವೆ. ಅವೆರಡನ್ನೂ ಇಟ್ಟುಕೊಂಡವರು ಎಚ್ 4350 ಒಂದರಲ್ಲೇ ನೆಮ್ಮದಿಯಾಗಿರಬಹುದು.

ಇನ್ನು ಬುಲೆಟ್‌ನ ತೂಕ. ಹಗುರ ಬುಲೆಟ್ ಬೇಗ ಜರುಗುತ್ತದೆ, ಹಿಂದೆ ಒತ್ತಡ ಕಟ್ಟಿಕೊಳ್ಳಲು ಸಮಯ ಸಿಗುವುದಿಲ್ಲ. ಅದಕ್ಕೆ ಸ್ವಲ್ಪ ಚುರುಕಾದ ಪೌಡರ್ ಬೇಕು. ಎರಡು ಕ್ಯಾಲಿಬರ್‌ಗಳನ್ನು ಹೋಲಿಸಲು ನಾನು ಮಾಡುವ ಲೆಕ್ಕ ಇಷ್ಟೇ: .223ರ ಬುಲೆಟ್ ತೂಕವನ್ನು 1.9ರಿಂದ ಗುಣಿಸುತ್ತೇನೆ. 77 ಗ್ರೇನ್‌ನದು .308ರಲ್ಲಿ ಸುಮಾರು 145 ಗ್ರೇನ್‌ಗೆ ಸಮ. 69ರದ್ದು ಸುಮಾರು 130ಕ್ಕೆ. ಆದರೆ 55 ಗ್ರೇನ್‌ನದು ಬರೀ 104ರ ಆಸುಪಾಸು. .308ರಲ್ಲಿ ಅಷ್ಟು ಹಗುರದ್ದನ್ನು ಯಾರೂ ದಿನಾ ಹಾರಿಸುವುದಿಲ್ಲ. 150, 168 ಗ್ರೇನ್‌ಗೆ ಚೆನ್ನಾಗಿ ಒಗ್ಗುವ ವಾರ್ಗೆಟ್, .223ರ 55 ಗ್ರೇನ್ ಬುಲೆಟ್‌ಗೆ ಸ್ವಲ್ಪ ನಿಧಾನ ಅನ್ನಿಸುವುದು ಇದಕ್ಕೇ. ಕೇಸ್ ತುಂಬಿ ಹೋಗುತ್ತದೆ, ವೇಗ ಮಾತ್ರ ಪೂರ್ತಿ ಬರುವುದಿಲ್ಲ. ಗುರಿ ಚೆನ್ನಾಗಿಯೇ ಕೂರಬಹುದು, ಆದರೆ ವೇಗ ಬೇಕೆಂದರೆ ಎಚ್ 4895 ಅಥವಾ ಐಎಂಆರ್ 8208 ಎಕ್ಸ್‌ಬಿಆರ್ ಮೇಲು.

ಆದ್ದರಿಂದ ಪೌಡರ್ ಕೊಳ್ಳುವ ಮುಂಚೆ ನಿಮ್ಮ .223 ಬ್ಯಾರೆಲ್‌ನ ಟ್ವಿಸ್ಟ್ ನೋಡಿ, ಅಂದರೆ ಬ್ಯಾರೆಲ್ ಒಳಗಿನ ಗೀರುಗಳು ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತವೆ ಎನ್ನುವುದು. 12 ಇಂಚಿಗೆ ಒಂದು ಸುತ್ತು ಇದ್ದರೆ 55 ಗ್ರೇನ್‌ನ ಆಚೆ ಹೋಗುವುದು ಕಷ್ಟ. ಆಗ ಎಚ್ 4895. 8 ಇಂಚಿಗೆ ಒಂದು ಸುತ್ತು ಇದ್ದರೆ 77 ಗ್ರೇನ್ ಕೂಡ ಸ್ಥಿರವಾಗಿ ಹೋಗುತ್ತದೆ. ಆಗ ವಾರ್ಗೆಟ್. ಎಷ್ಟೋ ಜನ .308 ದೊಡ್ಡದು, ಅದೇ ಮುಖ್ಯ ಎಂದು ಅದರಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ತೀರ್ಮಾನ ಮಾಡುವುದು ಚಿಕ್ಕ ರೈಫಲ್. .308 ಹೊಂದಿಕೊಳ್ಳುವ ಸ್ವಭಾವದ್ದು, ಈ ಗುಂಪಿನ ಯಾವ ಪೌಡರ್ ಕೊಟ್ಟರೂ ಒಪ್ಪಿಕೊಳ್ಳುತ್ತದೆ. ಐಎಂಆರ್ 4064, ರಿಲೋಡರ್ 15, ವಿಹ್ತಾವೂರಿ ಎನ್ 140 ಎಲ್ಲವೂ ಇದೇ ನೆರೆಹೊರೆಯವು. ವಾರ್ಗೆಟ್ ಸಿಗದಿದ್ದರೆ ಎದೆಗುಂದಬೇಡಿ. ಆಸ್ಟ್ರೇಲಿಯಾದ ಎಡಿಐ ಕಂಪನಿ ಎಆರ್ 2208 ಹೆಸರಿನಲ್ಲಿ ಮಾರುವುದೂ ಇದೇ ಪೌಡರ್.

ಒಂದು ಕಿರಿಕಿರಿ ಮಾತ್ರ ಇದೆ. ವಾರ್ಗೆಟ್ ಕಡ್ಡಿಯಂಥ ಕಾಳಿನ ಪೌಡರ್. .308ರ ಕತ್ತಿನಲ್ಲಿ ಸಲೀಸಾಗಿ ಇಳಿಯುತ್ತದೆ, .223ರ ಸಣ್ಣ ಕತ್ತಿನಲ್ಲಿ ಕಾಳುಗಳು ಒಂದಕ್ಕೊಂದು ಅಡ್ಡ ಸಿಕ್ಕಿ ಫನಲ್‌ನಲ್ಲೇ ನಿಂತುಬಿಡುತ್ತವೆ. ಅಳತೆ ಯಂತ್ರದಲ್ಲೂ ಕಾಳು ಕತ್ತರಿಸುವ ಸದ್ದು ಕೇಳುತ್ತದೆ, ತೂಕ ಆಚೀಚೆ ಆಗುತ್ತದೆ. ಪ್ರತಿ ಚಾರ್ಜನ್ನೂ (ಒಂದು ಕೇಸ್‌ಗೆ ಹಾಕುವ ಪೌಡರ್) ತಕ್ಕಡಿಯಲ್ಲಿ ತೂಗುವವರಿಗೆ ಇದು ದೊಡ್ಡ ವಿಷಯವಲ್ಲ. ಒಂದೇ ಸಲ ನೂರಾರು ರೌಂಡ್ ತುಂಬುವವರಿಗೆ ನೀರಿನಂತೆ ಹರಿಯುವ, ದುಂಡು ಕಾಳಿನ ಬಾಲ್ ಪೌಡರ್ ಬೇಕೆನಿಸುತ್ತದೆ. ಅವರಿಗೆ ಸಿಎಫ್‌ಇ 223 ಇದೆ, ಅದಕ್ಕೂ ಎರಡೂ ಕ್ಯಾಲಿಬರ್‌ಗಳ ಲೋಡ್ ಡೇಟಾ (ಯಾವ ಬುಲೆಟ್‌ಗೆ ಎಷ್ಟು ಪೌಡರ್ ಎನ್ನುವ ಪಟ್ಟಿ) ಸಿಗುತ್ತದೆ. ನಾನು ಅದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ವಾರ್ಗೆಟ್ ಮತ್ತು ಎಚ್ 4895 ಬಿಸಿಲು ಚಳಿಗೆ ಹೆಚ್ಚು ಬದಲಾಗದಂತೆ ಮಾಡಿದ ಪೌಡರ್‌ಗಳು. ತಂಪು ಹೊತ್ತಿನಲ್ಲಿ ಹೊಂದಿಸಿದ ಲೋಡ್ ಸುಡುಬಿಸಿಲಿನಲ್ಲೂ ಹತ್ತಿರ ಹತ್ತಿರ ಅದೇ ವೇಗ ಕೊಡುವುದು ಹೊಸಬರಿಗೆ ದೊಡ್ಡ ಅನುಕೂಲ.

ಖರ್ಚಿನ ಅಂದಾಜೂ ಬೇಕಲ್ವಾ? ಒಂದು ಪೌಂಡ್ ಅಂದರೆ 7000 ಗ್ರೇನ್. .223ಕ್ಕೆ ಸುಮಾರು 25 ಗ್ರೇನ್ ಹಿಡಿದರೆ 280 ರೌಂಡ್, .308ಕ್ಕೆ ಸುಮಾರು 44 ಹಿಡಿದರೆ 160ರ ಹತ್ತಿರ. ಇದು ಡಬ್ಬಿ ಲೆಕ್ಕಕ್ಕೆ ಮಾತ್ರ, ಲೋಡ್ ಡೇಟಾ ಅಲ್ಲ. ಚಾರ್ಜ್ ಎಷ್ಟು ಎನ್ನುವುದು ಮ್ಯಾನ್ಯುವಲ್‌ನಿಂದಲೇ ಬರಬೇಕು, ನಿಮ್ಮದೇ ಬುಲೆಟ್‌ಗೆ, ನಿಮ್ಮದೇ ಪೌಡರ್‌ಗೆ.

ಈ ಮಾತನ್ನು ಇನ್ನೂ ಬಿಡಿಸಿ ಹೇಳಬೇಕು. ಉರಿಯುವ ವೇಗದ ಪಟ್ಟಿಗಳು ಎಲ್ಲ ಕಡೆ ಸಿಗುತ್ತವೆ. ಅವು ಬರೀ ಸಾಲು, ಯಾವುದು ಮುಂದೆ, ಯಾವುದು ಹಿಂದೆ ಅಂತ ಅಷ್ಟೇ. ಪಕ್ಕಪಕ್ಕ ಇರುವ ಎರಡು ಪೌಡರ್ ನಡುವೆ ಎಷ್ಟು ಅಂತರ ಎಂದು ಆ ಪಟ್ಟಿ ಹೇಳುವುದಿಲ್ಲ. ಕೇಸ್ ಬದಲಾದರೆ ಸಾಲೂ ಹಿಂದೆ ಮುಂದೆ ಆಗಬಹುದು. ಪೌಡರ್ ಆರಿಸಲು ಪಟ್ಟಿ ನೋಡಿ, ಚಾರ್ಜ್ ಊಹಿಸಲು ಖಂಡಿತ ನೋಡಬೇಡಿ. ಹೆಸರಿನ ಅಂಕಿಯನ್ನೂ ನಂಬಬೇಡಿ. ಎಚ್ 4350 ಬೇರೆ, ಐಎಂಆರ್ 4350 ಬೇರೆ. ಎಚ್ 4895 ಮತ್ತು ಐಎಂಆರ್ 4895 ಕೂಡ ಬೇರೆ ಬೇರೆ. ಒಂದರ ಡೇಟಾ ಇನ್ನೊಂದಕ್ಕೆ ಹಾಕುವಂತಿಲ್ಲ.

ಪೌಡರ್ ಒಂದೇ ಎಂದ ಮಾತ್ರಕ್ಕೆ ಒತ್ತಡದ ಮಿತಿ ಒಂದೇ ಅಲ್ಲ. ಅಮೆರಿಕದ ಮದ್ದುಗುಂಡು ಮಾನದಂಡ ಸಂಸ್ಥೆ ಎಸ್‌ಎಎಎಂಐ ಪ್ರಕಾರ .223ರ ಗರಿಷ್ಠ ಒತ್ತಡ 55,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), .308ದ್ದು 62,000. ಪೌಡರ್‌ಗೆ ಕಿಡಿ ಹೊತ್ತಿಸುವ ಪ್ರೈಮರ್ ಕೂಡ ಬೇರೆ: .223ಕ್ಕೆ ಸ್ಮಾಲ್ ರೈಫಲ್, .308ಕ್ಕೆ ಸಾಮಾನ್ಯವಾಗಿ ಲಾರ್ಜ್ ರೈಫಲ್. ಪೌಡರ್ ಉಳಿಸಿದಂತೆ ಪ್ರೈಮರ್ ಉಳಿಸಲು ಆಗುವುದಿಲ್ಲ. .308ಕ್ಕೆ ಮಿಲಿಟರಿಯ 7.62 ಕೇಸ್ ಸಿಕ್ಕಿದರೆ ಎಚ್ಚರ. ಅದರ ಗೋಡೆ ದಪ್ಪ ಇರುವುದು ಸಾಮಾನ್ಯ, ಒಳಗೆ ಜಾಗ ಕಡಿಮೆ, ಅಷ್ಟೇ ಚಾರ್ಜ್‌ಗೆ ಒತ್ತಡ ಜಾಸ್ತಿ. ಕೆಳಗಿನ ಚಾರ್ಜ್‌ನಿಂದ ಶುರು ಮಾಡಿ ಮೆಲ್ಲಗೆ ಏರಿಸಿ.

ನಾನು ಒಂದೇ ಪೌಡರ್ ಪರ ನಿಲ್ಲುವುದಕ್ಕೆ ದೊಡ್ಡ ಕಾರಣ ಹಣವಲ್ಲ. ಮೇಜಿನ ಮೇಲೆ ಒಂದೇ ಡಬ್ಬಿ ಇದ್ದರೆ ಅಳತೆ ಯಂತ್ರದಲ್ಲಿ ಬೇರೆ ಪೌಡರ್ ಬೀಳುವ ಸಾಧ್ಯತೆಯೇ ಇಲ್ಲ. ಹ್ಯಾಂಡ್‌ಲೋಡಿಂಗ್‌ನಲ್ಲಿ ರೈಫಲ್ ಒಡೆಯುವ ಅನಾಹುತಗಳಲ್ಲಿ ಪೌಡರ್ ಅದಲು ಬದಲಾಗುವುದೂ ಒಂದು. ಉಳಿಯುವ ಅಪಾಯ ಒಂದೇ, ಅಳತೆಯನ್ನು ಬದಲಿಸಲು ಮರೆಯುವುದು. .308ರ ಚಾರ್ಜ್ .223ಕ್ಕೆ ಹಾಕಿದರೆ ಕೇಸ್ ತುಂಬಿ ಹೊರಗೆ ಚೆಲ್ಲುತ್ತದೆ, ಕಣ್ಣಿಗೆ ಬೀಳದೆ ಇರದು. ಉಲ್ಟಾ ಆದಾಗಲೇ ಮೋಸ: .223ರ ಚಾರ್ಜ್ .308ರೊಳಗೆ ಸದ್ದಿಲ್ಲದೆ ಕೂತುಬಿಡುತ್ತದೆ. ಪೌಡರ್ ಸರಿಯಾಗಿ ಹೊತ್ತಿಕೊಳ್ಳದೆ ಬುಲೆಟ್ ಬ್ಯಾರೆಲ್‌ನಲ್ಲೇ ಸಿಕ್ಕಿಕೊಳ್ಳಬಹುದು, ಅದರ ಹಿಂದೆ ಇನ್ನೊಂದು ಹಾರಿಸಿದರೆ ಬ್ಯಾರೆಲ್ ಸೀಳುತ್ತದೆ. ಹಾಗಾಗಿ ಬುಲೆಟ್ ಕೂರಿಸುವ ಮೊದಲು ಇಡೀ ಟ್ರೇಗೆ ಟಾರ್ಚ್ ಬಿಟ್ಟು ಪ್ರತಿ ಕೇಸ್‌ನಲ್ಲೂ ಪೌಡರ್‌ನ ಮಟ್ಟ ನೋಡಿ. ಕ್ಯಾಲಿಬರ್ ಬದಲಿಸುವಾಗ ಅಳತೆ ಯಂತ್ರವನ್ನು ಖಾಲಿ ಮಾಡಿ, ತಕ್ಕಡಿಯನ್ನು ಸೊನ್ನೆಗೆ ತಂದು, ಹೊಸದಾಗಿ ಹೊಂದಿಸಿ. .308ರಲ್ಲಿ ಬೇಕೆಂದೇ ಮೆಲ್ಲಗಿನ ಲೋಡ್ ಮಾಡುವ ಆಸೆ ಇದ್ದರೆ ಎಚ್ 4895ಗೆ ಇನ್ನೊಂದು ಅಂಕ ಕೊಡಿ. ಗರಿಷ್ಠ ಚಾರ್ಜ್‌ನ 60 ಶೇಕಡದವರೆಗೆ ಇಳಿಸಬಹುದು ಎಂದು ಹಾಜ್‌ಡನ್ ತಾನೇ ಹೇಳಿರುವ ಪೌಡರ್ ಅದು. ವಾರ್ಗೆಟ್‌ಗೆ ಆ ರಿಯಾಯಿತಿ ಇಲ್ಲ.

ಮನಸ್ಸಿಗೆ ಒಪ್ಪಿದ ಮೇಲೆ ಚಿಕ್ಕ ಡಬ್ಬಿಗಳನ್ನು ಬಿಟ್ಟು 8 ಪೌಂಡ್‌ನ ದೊಡ್ಡದನ್ನೇ ತನ್ನಿ. ಎರಡು ರೈಫಲ್ ಸೇರಿ ಖಾಲಿ ಮಾಡುವುದರಿಂದ ಹಳತಾಗುವ ಚಿಂತೆ ಇಲ್ಲ, ಪೂರ್ತಿ ಒಂದೇ ಲಾಟ್, ಅಂದರೆ ಒಂದೇ ಸಲ ತಯಾರಾದದ್ದು, ಆಗಿರುತ್ತದೆ. ಲಾಟ್ ನಂಬರನ್ನು ನಿಮ್ಮ ಲೋಡ್ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಡಬ್ಬಿಯಲ್ಲಿ ನಂಬರ್ ಬೇರೆ ಇದ್ದರೆ ಎರಡೂ ಕ್ಯಾಲಿಬರ್‌ಗೂ ಚಾರ್ಜ್ ಇಳಿಸಿ ಮತ್ತೆ ಕೆಳಗಿನಿಂದ ಹತ್ತಿ ಬನ್ನಿ.