ಹದಿನಾರು ತುಂಬಿದ ಮೇಲೆ ನಿಂತ ಹಣ

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿ ಕಾಯಂ ವಾಸದ ಅನುಮತಿ ಪಡೆದು ನೆಲೆಸಿದ್ದೇವೆ. ಒಬ್ಬಳೇ ಮಗಳು, ಹದಿನಾರು ತುಂಬಿದೆ, ಶಾಲೆಯ ಜಿಸಿಎಸ್‌ಇ ಪರೀಕ್ಷೆ ಮುಗಿಸಿ ಕಾಲೇಜಿನಲ್ಲಿ ಪದವಿಪೂರ್ವ ಹಂತದ ಎ ಲೆವೆಲ್ ಓದುತ್ತಿದ್ದಾಳೆ. ಸೆಪ್ಟೆಂಬರ್‌ನಿಂದ ಮಕ್ಕಳ ಪಾಲನೆಗೆಂದು ಸರ್ಕಾರ ಪೋಷಕರಿಗೆ ಕೊಡುವ ಚೈಲ್ಡ್ ಬೆನಿಫಿಟ್ ನಿಂತಿದೆ. ಅವಳು ಶನಿವಾರ ಅಂಗಡಿ ಕೆಲಸಕ್ಕೆ ಹೋಗುವುದು ಕಾರಣವೇ? ಯಜಮಾನರ ವರಮಾನ ವರ್ಷಕ್ಕೆ 65,000 ಪೌಂಡ್, ನನಗೆ ಉದ್ಯೋಗವಿಲ್ಲ. ಸ್ಕಾಟ್ಲೆಂಡಿನ ಬಂಧುಗಳ ಮಗನಿಗೆ ವಾರಕ್ಕೆ 30 ಪೌಂಡ್ ಬರುತ್ತದಂತೆ. ಅದು ನಮಗೂ ಸಿಗುವುದೇ?

ಉತ್ತರ: ಶನಿವಾರದ ಕೆಲಸ ಕಾರಣವಲ್ಲ. ಹದಿನಾರು ತುಂಬಿದ ನಂತರ ಬರುವ ಆಗಸ್ಟ್ 31ಕ್ಕೆ ಈ ಹಣ ತಾನಾಗಿಯೇ ನಿಲ್ಲುತ್ತದೆ. ಓದು ಮುಂದುವರಿದಿದೆಯೆಂದು ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ಪೋಷಕರೇ ತಿಳಿಸಬೇಕು. ಹಾಗೆ ಕೇಳುವ ಪತ್ರ ಮೊದಲೇ ಮನೆಗೆ ಬರುತ್ತದೆ. ಪರೀಕ್ಷೆಯ ಗಡಿಬಿಡಿಯಲ್ಲಿ ಅದು ಬೇರೆ ಕಾಗದಗಳ ಅಡಿ ಸೇರಿರಬಹುದು. ಎ ಲೆವೆಲ್, ವೃತ್ತಿಶಿಕ್ಷಣದ ಟಿ ಲೆವೆಲ್ ಮೊದಲಾದ, ವಾರಕ್ಕೆ ಸರಾಸರಿ 12 ಗಂಟೆಗಿಂತ ಹೆಚ್ಚಿನ ಪಾಠವಿರುವ ಓದಿಗೆ 19 ತುಂಬುವ ಮೊದಲೇ ಸೇರಿದ್ದರೆ 20 ತುಂಬುವವರೆಗೂ ಹಣ ಬರುತ್ತದೆ. ಪದವಿ ತರಗತಿಗೆ ಈ ಸೌಲಭ್ಯವಿಲ್ಲ. ಆದ್ದರಿಂದ ತಡಮಾಡದೆ ಇಲಾಖೆಯ ಜಾಲತಾಣದಲ್ಲಿ ವಿವರ ದಾಖಲಿಸಿರಿ.

ಇನ್ನು ವರಮಾನದ ಮಾತು. 2024ರ ಏಪ್ರಿಲ್‌ನಿಂದ ದಂಪತಿಗಳಲ್ಲಿ ಹೆಚ್ಚು ಗಳಿಸುವವರ ಆದಾಯ 60,000 ಪೌಂಡ್ ದಾಟಿದರೆ, ಮೇಲಿನ ಪ್ರತಿ 200 ಪೌಂಡಿಗೆ ಚೈಲ್ಡ್ ಬೆನಿಫಿಟ್‌ನ ಶೇ. 1ರಷ್ಟನ್ನು ತೆರಿಗೆಯ ರೂಪದಲ್ಲಿ ಹಿಂದಿರುಗಿಸಬೇಕು. 80,000 ಮುಟ್ಟಿದರೆ ಪೂರ್ತಿ ಹಿಂದಕ್ಕೆ ಹೋಗುತ್ತದೆ. 2025–26ರಲ್ಲಿ ಒಂದೇ ಮಗುವಿಗೆ ವಾರಕ್ಕೆ 26.05 ಪೌಂಡ್, ಅಂದರೆ ವರ್ಷಕ್ಕೆ ಸುಮಾರು 1,354 ಪೌಂಡ್. ನಿಮ್ಮವರು ಮಿತಿಯನ್ನು 5,000 ಪೌಂಡ್ ಮೀರಿರುವುದರಿಂದ ಇದರ ಕಾಲುಭಾಗ, ಸುಮಾರು 338 ಪೌಂಡ್, ಹೋಗಿ ಸಾವಿರದಷ್ಟು ಉಳಿಯುತ್ತದೆ. ಗಂಡ ಹೆಂಡತಿ ತಲಾ 59,000 ದುಡಿದರೆ ಒಂದು ಪೆನ್ನಿಯನ್ನೂ ಹಿಂದಿರುಗಿಸಬೇಕಿಲ್ಲ, ಒಬ್ಬರೇ ದುಡಿಯುವ ನಿಮ್ಮಂಥವರು ತೆರಬೇಕು. ಇದು ನ್ಯಾಯವೆಂದು ನಮಗೂ ತೋರುವುದಿಲ್ಲ. ಪಿಂಚಣಿ ನಿಧಿಗೆ ಕಟ್ಟುವ ಹಣವನ್ನು ಆದಾಯದಿಂದ ಕಳೆದು ಲೆಕ್ಕ ಹಾಕುತ್ತಾರೆಂಬುದನ್ನು ಮರೆಯಬೇಡಿ.

ನಿಮ್ಮ ಬಂಧುಗಳು ಹೇಳಿದ್ದು ಹದಿನಾರರ ನಂತರವೂ ಓದುವವರಿಗೆ ಕೊಡುವ ಇಎಂಎ ಎಂಬ ಭತ್ಯೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಕಡಿಮೆ ವರಮಾನದ ಮನೆಗಳ ಮಕ್ಕಳಿಗೆ ಅದು ಈಗಲೂ ಉಂಟು; ಇಂಗ್ಲೆಂಡಿನಲ್ಲಿ 2011ರಲ್ಲಿಯೇ ರದ್ದಾಯಿತು. ಅದರ ಬದಲಿಗೆ ಬಂದ ಬರ್ಸರಿ ಎಂಬ ವಿದ್ಯಾರ್ಥಿ ನೆರವಿನ ನಿಧಿಯಿಂದ, ಸರ್ಕಾರದ ಆರೈಕೆಯಲ್ಲಿ ಬೆಳೆದವರಂಥ ಕೆಲವರಿಗೆ ವರ್ಷಕ್ಕೆ 1,200 ಪೌಂಡ್‌ವರೆಗೆ ದೊರೆಯುತ್ತದೆ. ಉಳಿದವರಿಗೆ ಬಸ್ಸು, ಪುಸ್ತಕಗಳ ಖರ್ಚಿಗೆ ಎಷ್ಟು ಕೊಡಬೇಕೆಂಬುದು ಕಾಲೇಜಿಗೆ ಬಿಟ್ಟದ್ದು. ವಿಚಾರಿಸಬಹುದು, ಆದರೆ ನಿಮ್ಮ ವರಮಾನಕ್ಕೆ ಹೆಚ್ಚು ಆಸೆ ಇಟ್ಟುಕೊಳ್ಳದಿರುವುದೇ ಲೇಸು.

ಇತರ ಓದುಗರಿಗೆ ಒಂದು ಎಚ್ಚರಿಕೆ: ವೀಸಾದಲ್ಲಿ ಸಾರ್ವಜನಿಕ ನಿಧಿಯ ನೆರವು ಪಡೆಯಬಾರದೆಂಬ ಷರತ್ತಿದ್ದರೆ, ಚೈಲ್ಡ್ ಬೆನಿಫಿಟ್‌ಗೆ ಅರ್ಜಿ ಹಾಕುವ ಮೊದಲು ವಲಸೆ ಕಾನೂನು ಬಲ್ಲವರನ್ನು ಕಾಣಬೇಕು.