ಮರದ ಮಾರುತವನ್ನು ಮರೆತ ಲೇಖನ

ಪ್ರಿಯರೇ,

ಬೆಂಗಳೂರಿನಲ್ಲಿ ರೂಪುಗೊಂಡ ಎಚ್‌ಎಫ್‌-24 ಮಾರುತ ಯುದ್ಧವಿಮಾನವನ್ನೂ ಅದರ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರನ್ನೂ ಕುರಿತು ನೀವು ಕಳುಹಿಸಿದ ‘ರೆಕ್ಕೆ ಕತ್ತರಿಸಿದ ಕನಸು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಹಾಗೆಂದು ಕೈಬಿಡುವ ಮನಸ್ಸೂ ಇಲ್ಲ. ವಿಷಯ ಗಟ್ಟಿಯಾಗಿದೆ, ನೀವು ಓದಿಕೊಂಡೂ ಇದ್ದೀರಿ. ಆದರೆ ಓದಿದ್ದರಲ್ಲಿ ಯಾವುದು ಕಥೆ, ಯಾವುದು ಒಗ್ಗರಣೆ ಎಂಬ ವಿವೇಚನೆ ಇನ್ನೂ ಆಗಿಲ್ಲ.

ಒಂಬತ್ತು ಪುಟಗಳಲ್ಲಿ ನಾಲ್ಕು ಪುಟ ಟ್ಯಾಂಕ್ ಅವರ ಪೂರ್ವಾಶ್ರಮಕ್ಕೇ ಹೋಗಿದೆ. ಜರ್ಮನಿಯಲ್ಲಿ ರೂಪಿಸಿದ ಫೋಕೆ-ವುಲ್ಫ್ 190 ಯುದ್ಧವಿಮಾನ, ಯುದ್ಧ ಮುಗಿದ ಮೇಲೆ ಪೆಡ್ರೊ ಮಥೀಸ್ ಎಂಬ ಹೆಸರಿನಲ್ಲಿ ಅರ್ಜೆಂಟೀನಾ ಸೇರಿದ್ದು, ಅಲ್ಲಿ ಪುಲ್ಕಿ-2 ಜೆಟ್ಟನ್ನು ಕಟ್ಟಿ ತಾವೇ ಹಾರಿಸಿದ್ದು, 1955ರಲ್ಲಿ ಅಲ್ಲಿನ ಅಧ್ಯಕ್ಷ ಪೆರೋನ್ ಆಡಳಿತ ಉರುಳಿದಾಗ ನೆಲೆ ತಪ್ಪಿದ್ದು, ಇವೆಲ್ಲ ರೋಚಕವೇ. ಆದರೆ ಓದುಗ 1956ರ ಬೆಂಗಳೂರಿಗೆ ಬಂದು ಇಳಿಯುವಷ್ಟರಲ್ಲಿ ದಣಿದಿರುತ್ತಾನೆ. ಒಂದು ಪ್ಯಾರಾದಲ್ಲಿ ಮುಗಿಸಿ. ಅವರ ವಿಮಾನಗಳು ಹಿಟ್ಲರನ ಯುದ್ಧಕ್ಕೆ ಬಳಕೆಯಾದದ್ದನ್ನು ‘ಕಾಲದ ಅನಿವಾರ್ಯತೆ’ ಎಂದು ತೇಲಿಸಿಬಿಟ್ಟಿದ್ದೀರಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಲೇಖನಕ್ಕೆ ಯಾವ ನಷ್ಟವೂ ಇಲ್ಲ.

‘ಟ್ಯಾಂಕ್ ಬರುವವರೆಗೆ ಬೆಂಗಳೂರಿನಲ್ಲಿ ಶೂನ್ಯವಿತ್ತು’ ಎಂಬ ನಿಮ್ಮ ಮಾತು ತಪ್ಪು. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಇಲ್ಲೇ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿಯೇ ಹಾರಿತ್ತು. ಘಾಟಗೆಯವರು ಜರ್ಮನಿಯ ಗಟ್ಟಿಂಗೆನ್‌ನಲ್ಲಿ ವಾಯುವಿಜ್ಞಾನಿ ಪ್ರಾಂಟಲ್ ಅವರ ಬಳಿ ಕಲಿತು ಬಂದವರು. ಅಂದರೆ ಜರ್ಮನ್ ವಾಯುವಿಜ್ಞಾನದ ನಂಟು ಈ ಊರಿಗೆ ಟ್ಯಾಂಕ್‌ಗಿಂತ ಮೊದಲೇ ಬಂದಿತ್ತು. ಇನ್ನೊಂದು ಸಣ್ಣ ತಿದ್ದುಪಡಿ: ಆ ದಿನಗಳಲ್ಲಿ ಈ ವಿಮಾನಗಳನ್ನು ಕಟ್ಟುತ್ತಿದ್ದ ಸಂಸ್ಥೆಯ ಹೆಸರು ಹಿಂದೂಸ್ತಾನ್ ಏರ್‌ಕ್ರಾಫ್ಟ್. ‘ಏರೋನಾಟಿಕ್ಸ್’ ಆದದ್ದು 1964ರಲ್ಲಿ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಏಳನೆಯ ಪುಟದಲ್ಲಿ, ಆವರಣದೊಳಗೆ, ‘ಮೊದಲು ಒಂದು ಗ್ಲೈಡರ್ ಸಹ ತಯಾರಿಸಲಾಗಿತ್ತು’ ಎಂದು ಬರೆದು ಮುಂದೆ ಹೋಗಿದ್ದೀರಿ. ನನಗೆ ನಿಮ್ಮ ಇಡೀ ಲೇಖನ ಆ ಆವರಣದೊಳಗೇ ಅಡಗಿ ಕುಳಿತಂತೆ ಕಾಣುತ್ತದೆ. ಎಕ್ಸ್-241 ಎಂಬ ಆ ಗ್ಲೈಡರ್ ಆಟದ ಮಾದರಿಯಲ್ಲ. ಮುಂದೆ ಬರಲಿದ್ದ ಜೆಟ್ ವಿಮಾನದಷ್ಟೇ ಉದ್ದಗಲದ, ಆದರೆ ಮರದಲ್ಲಿ ಕಟ್ಟಿದ, ಎಂಜಿನ್ ಇಲ್ಲದ ಪೂರ್ಣ ಗಾತ್ರದ ವಿಮಾನ. 1959ರಲ್ಲಿ ಡಕೋಟಾ ಸಾಗಣೆ ವಿಮಾನವೊಂದು ಅದನ್ನು ಹಗ್ಗ ಕಟ್ಟಿ ಎಳೆದುಕೊಂಡು ಮೇಲೇರುತ್ತಿತ್ತು. ಸಾಕಷ್ಟು ಎತ್ತರದಲ್ಲಿ ಹಗ್ಗ ಕಳಚಿದರೆ ಚಾಲಕ ಅದನ್ನು ತೇಲಿಸುತ್ತಾ, ಹಿಂಬಾಗಿದ ಆ ರೆಕ್ಕೆಗಳು ಕಡಿಮೆ ವೇಗದಲ್ಲಿ ಹೇಗೆ ವರ್ತಿಸುತ್ತವೆ, ನೆಲ ಮುಟ್ಟುವಾಗ ಮಾತು ಕೇಳುತ್ತವೆಯೇ ಎಂದು ಪರೀಕ್ಷಿಸುತ್ತಾ ಇಳಿಯಬೇಕಿತ್ತು. ಶಬ್ದದ ಇಮ್ಮಡಿ ವೇಗಕ್ಕೆಂದು ಗೆರೆ ಎಳೆದ ವಿಮಾನ ತನ್ನ ಮೊದಲ ಪಾಠವನ್ನು ಮರದ ಮೈಯಲ್ಲಿ, ಸದ್ದಿಲ್ಲದೆ, ಹಳೆಯ ಡಕೋಟಾದ ಬಾಲ ಹಿಡಿದು ಕಲಿತದ್ದು ನಿಮಗೆ ಆವರಣದೊಳಗಿನ ಸಂಗತಿಯಾಗಿ ಹೇಗೆ ಕಂಡಿತೋ ತಿಳಿಯದು! ಲೇಖನ ಇಲ್ಲಿಂದಲೇ ಶುರುವಾಗಲಿ.

1961ರ ಜೂನ್ 17ರ ಮೊದಲ ಹಾರಾಟವನ್ನು ವರ್ಣಿಸುವಾಗ ‘ಆಗಸವೇ ಬೆರಗಾಗಿ ನಿಂತಿತು’ ಎಂದಿದ್ದೀರಿ. ಆಗಸದ ವಿಚಾರ ಬಿಡಿ. ವಿಂಗ್ ಕಮಾಂಡರ್ ಸುರಂಜನ್ ದಾಸ್ ಚಾಲಕರಾಗಿದ್ದರು ಎಂಬುದನ್ನು ಆ ಪ್ಯಾರಾದಲ್ಲಿ ಹೇಳಿಯೇ ಇಲ್ಲವಲ್ಲ. ಅಲ್ಲದೆ ಮಾರುತವನ್ನು ‘ಶಬ್ದವನ್ನು ಹಿಂದಿಕ್ಕಿದ ವೀರ’ ಎಂದು ಕರೆದಿದ್ದೀರಿ. ಅದು ಹಿಂದಿಕ್ಕಬೇಕಾಗಿತ್ತು, ಅಷ್ಟೆ. ಟ್ಯಾಂಕ್ ತಂಡ ನೆಚ್ಚಿಕೊಂಡಿದ್ದ ಹೆಚ್ಚು ಬಲದ ಓರ್ಫಿಯಸ್ ಎಂಬ ಬ್ರಿಟಿಷ್ ಜೆಟ್ ಎಂಜಿನ್ನಿನ ಅಭಿವೃದ್ಧಿಗೆ ಬ್ರಿಟಿಷರು ಹಣ ಹಾಕಲಿಲ್ಲ, ನಮ್ಮ ಸರಕಾರವೂ ಹಾಕಲಿಲ್ಲ. ಕೊನೆಗೆ ಕೂಡಿಸಿದ್ದು ತಲಾ ಸುಮಾರು 4,850 ಪೌಂಡ್ ನೂಕುಬಲದ ಎರಡು ಓರ್ಫಿಯಸ್ 703 ಎಂಜಿನ್‌ಗಳನ್ನು. ಅವುಗಳ ಬಲದಲ್ಲಿ ಆ ದೇಹ ಶಬ್ದವೇಗದ ಹೊಸ್ತಿಲವರೆಗೆ ಬರುವುದೇ ಹೆಚ್ಚಾಗಿತ್ತು. ಮಾರುತಕ್ಕೆ ಈಜಿಪ್ಟಿನ ಇ-300 ಎಂಜಿನ್ ಜೋಡಿಸಿ ನೋಡಿದ ಪ್ರಯೋಗವನ್ನು ಎರಡು ವಾಕ್ಯಗಳಲ್ಲಿ ಹೇಳಿ ಮುಂದುವರಿಯಬಹುದು.

ಇದನ್ನು ಓದುಗನಿಗೆ ಅಂಕಿಗಳಿಂದ ಅರ್ಥ ಮಾಡಿಸುವ ಅಗತ್ಯವಿಲ್ಲ. ಒಂದು ಬೆಳಿಗ್ಗೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಅಲ್ಲಿರುವ ಮಾರುತದ ಪಕ್ಕ ನಿಂತುಕೊಳ್ಳಿ. ಚಾಲಕನ ಕೋಣೆಯ ಎರಡೂ ಬದಿ ಗಾಳಿ ಒಳಹೋಗುವ ಬಾಯಿಗಳಲ್ಲಿ ಅರ್ಧ ಸೀಳಿದ ಶಂಕುವಿನಂಥ ಉಬ್ಬುಗಳಿವೆ. ಶಬ್ದಕ್ಕಿಂತ ವೇಗವಾಗಿ ಹೋಗುವಾಗ ನುಗ್ಗುವ ಗಾಳಿಯನ್ನು ತಡೆದು, ನಿಧಾನಗೊಳಿಸಿ ಎಂಜಿನ್ನಿಗೆ ಒಪ್ಪಿಸುವುದು ಅವುಗಳ ಕೆಲಸ. ಆಮೇಲೆ ಹಿಂದಕ್ಕೆ ನಡೆದು ಎಂಜಿನ್ನಿನ ಬಿಸಿಗಾಳಿ ಹೊರಬರುವ ಅಕ್ಕಪಕ್ಕದ ಆ ಎರಡು ಕೊಳವೆಗಳನ್ನು ನೋಡಿ. ಬಾಯಿಗೂ ಬಾಲಕ್ಕೂ ನಡುವಿನ ಆ ಹೊಂದಾಣಿಕೆಯಿಲ್ಲದ ದೂರವನ್ನು ಬರೆಯಿರಿ. ‘ಕನಸು’ ಎಂಬ ಪದ ನಿಮ್ಮ ಲೇಖನದಲ್ಲಿ ಹದಿನಾಲ್ಕು ಸಲ ಬಂದಿದೆ. ಆ ಶಂಕು ಒಂದು ಸಲವೂ ಬಂದಿಲ್ಲ.

1970ರ ಜನವರಿ 10ರಂದು ಸುರಂಜನ್ ದಾಸ್ ಮಡಿದದ್ದನ್ನು ಕಣ್ಣೀರಿನ ಮುಕ್ತಾಯವಾಗಿ ಕೊನೆಗೆ ಎತ್ತಿಟ್ಟಿದ್ದೀರಿ. ಅಂದು ಅವರು ಹಾರಿಸುತ್ತಿದ್ದುದು ಎಂಜಿನ್ನಿಗೆ, ಅದರ ಹಿಂದೆ ಮತ್ತಷ್ಟು ಇಂಧನ ಉರಿಸುವ ಆಫ್ಟರ್‌ಬರ್ನರ್ ಜೋಡಿಸಿ ಬಲ ಹೆಚ್ಚಿಸಲು ಹೊರಟಿದ್ದ 1ಆರ್ ಎಂಬ ಪ್ರಾಯೋಗಿಕ ಮಾರುತವನ್ನು. ಹಾಗಾಗಿ ಆ ಸಾವು ಎಂಜಿನ್ನಿನ ಕಥೆಯ ಮಧ್ಯದಲ್ಲಿಯೇ, ವಿಶೇಷಣಗಳಿಲ್ಲದೆ ಬರಬೇಕು. ಹಳೆ ಮದ್ರಾಸು ರಸ್ತೆಗೂ ಹಳೆ ವಿಮಾನ ನಿಲ್ದಾಣದ ರಸ್ತೆಗೂ ನಡುವಿನ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಓಡಾಡುವವರಿಗೆ ಆ ಹೆಸರು ಯಾರದೆಂದು ತಿಳಿದರೆ ಅಷ್ಟೇ ಸಾಕು.

ಒಂಬತ್ತು ಪುಟ ಐದಕ್ಕೆ ಇಳಿಯಲಿ, ಶೀರ್ಷಿಕೆ ಬದಲಾಗಲಿ. ತಿಂಗಳೊಳಗೆ ಕಳುಹಿಸಿದರೆ ನಾನೇ ಓದುತ್ತೇನೆ. ಅಂದ ಹಾಗೆ, ನೀವು ಲಗತ್ತಿಸಿದ ಮೂರನೆಯ ಚಿತ್ರ ಮಾರುತದ್ದಲ್ಲ, ಒಂದೇ ಎಂಜಿನ್ನಿನ ನ್ಯಾಟ್ ಯುದ್ಧವಿಮಾನದ್ದು. ಹಿಂಭಾಗದಲ್ಲಿ ಒಂದೇ ಕೊಳವೆ ಇದೆ, ನೋಡಿ.

ವಿಶ್ವಾಸದಿಂದ,
ಸಂಪಾದಕ